ಲಾಂಟೆಗೊಂದು ಕಂಪ್ಯೂಟರ್

"ಇದೂ ಬೇಡ," ಎಂದು ಅಮೆರ್ಲೆ ಆ ಕಂಪ್ಯೂಟರನ್ನೂ ಪಕ್ಕಕ್ಕೆ ಸರಿಸಿದಳು.

"ಯಾಕಕ್ಕಾ? ಇನ್ನೂ ಆನ್ ಕೂಡ ಮಾಡಿಲ್ಲ!" ಅಂಗಡಿಯ ಅಸಿಯಮಾ ಕೈ ಚೆಲ್ಲಿದ.

ಅಕ್ರಾದ ಸರ್ಕಲ್ ಮಾರುಕಟ್ಟೆಯಲ್ಲಿ ಬೆಳಗಿನಿಂದ ಎಷ್ಟು ಅಂಗಡಿ ಹತ್ತಿಳಿದಿದ್ದಾಯಿತೋ ಅವಳಿಗೇ ನೆನಪಿಲ್ಲ. ಕಪ್ಪು ಬಟ್ಟೆ ಬಿಸಿಲನ್ನೆಲ್ಲ ಹೀರಿಕೊಂಡು ಮೈಗೆ ಅಂಟಿತ್ತು. ಮೆಕ್ಕೆಜೋಳದ ಹಿಟ್ಟಿನ ಅರ್ಧ ಉಂಡೆ ಕೆಂಕಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸಾಲದ್ದಕ್ಕೆ ಜೊತೆಯಲ್ಲಿ ನಾದಿನಿ ಡೆಡೆ. ಅವಳೂ ಕಪ್ಪು ಬಟ್ಟೆಯಲ್ಲಿ ಬೆಂದು, ಆ ಸಿಟ್ಟನ್ನೆಲ್ಲ ಅತ್ತಿಗೆಯ ಮೇಲೆ ತೀರಿಸಿಕೊಳ್ಳುತ್ತಿದ್ದಳು.

ಅಮೆರ್ಲೆಯ ಗಂಡ ಲಾಂಟೆಯದು ವಿಡಿಯೊ ಎಡಿಟಿಂಗ್ ಕಸುಬು. ಅವರ ಊರು ಟೆಶಿಯಲ್ಲಿ ಮದುವೆಯೇ ಆಗಲಿ, ನಾಮಕರಣವೇ ಆಗಲಿ, ಅವನು ಕತ್ತರಿಸಿ, ಅಂಟಿಸಿ, ಹಾಡು ಸೇರಿಸಿ ಕೊಟ್ಟ ಮೇಲೆಯೇ ಅದು ನಡೆದ ಲೆಕ್ಕ. ಬರುವ ತಿಂಗಳ ಮೊದಲ ಶನಿವಾರ ಅವನ ಗೌರವಕ್ಕೆ ಇಡೀ ಟೆಶಿ ಸೇರಲಿತ್ತು. ಅಷ್ಟರೊಳಗೆ ಅವನಿಗೆ ಒಪ್ಪುವಂಥ ಕಂಪ್ಯೂಟರ್ ಸಿದ್ಧವಾಗಬೇಕು. ನೆಂಟರೆಲ್ಲ ಕೈಲಾದಷ್ಟು ಹಾಕಿದ ದುಡ್ಡು. ಒಂದೇ ಸಲ ಆಗುವ ಕೆಲಸ. ತಪ್ಪಿದರೆ ಜನ ನಗುತ್ತಾರೆ, ಮತ್ತೆ ತಿದ್ದುವ ಹಾಗೂ ಇಲ್ಲ.

"ಅತ್ತಿಗೆ, ಸುಮ್ನೆ ಬ್ರಾಂಡ್‌ದೇ ಆಗ್ಲಿ," ಎಂದಳು ಡೆಡೆ. "ಮುಂದ್ಗಡೆ ಹೊಳೆಯೋ ಹೆಸರು ಇರ್ಬೇಕು. ಹೆಸರಿಲ್ಲದ ಡಬ್ಬ ತಂದು ಜನರ ಮುಂದೆ ನಮ್ಮಣ್ಣನ ಮಾನ ಕಳೀತೀಯಾ?"

"ನಿಮ್ಮಣ್ಣ ಒಂದು ದಿನಾನೂ ಬ್ರಾಂಡ್ ಮುಟ್ಟಿದವನಲ್ಲ."

"ಕೈಗೆಟುಕಲಿಲ್ಲ, ಅದಕ್ಕೆ ಮುಟ್ಲಿಲ್ಲ. ಶೋರೂಮ್ ಗಾಜಿಗೆ ಮೂಗು ಒತ್ಕೊಂಡು ನಿಂತಿದ್ದನ್ನ ನಾನೇ ಕಂಡಿದೀನಿ."

ಆ ಮಾತು ಅಮೆರ್ಲೆಗೆ ಚುಚ್ಚಿತು. ನಿಜ ಯಾವುದು? ಹಡಗಿನಲ್ಲಿ ಬಂದ ಹಳೇ ಬಿಡಿಭಾಗಗಳನ್ನು ಆರಿಸಿ ತಂದು ಲಾಂಟೆ ತಾನೇ ಜೋಡಿಸಿದ ಯಂತ್ರ ಮನೆಯ ಮೂಲೆಯಲ್ಲಿತ್ತು. ಅದರ ಪಕ್ಕದ ತಗಡಿನ ಬಾಗಿಲು ಕಾವಿಗೆ ಹೆದರಿ ಸದಾ ತೆರೆದೇ ಇರುತ್ತಿತ್ತು. ಅದಕ್ಕೊಂದು ಫ್ಯಾನು, ಅವನಿಗೊಂದು ಫ್ಯಾನು. ಕರೆಂಟು ಹೋದಾಗಲೆಲ್ಲ ಯಾರದೋ ಮದುವೆ ಅರ್ಧಕ್ಕೆ ನಿಲ್ಲುತ್ತಿತ್ತು. ಆಗ ಬೈದುಕೊಳ್ಳುತ್ತಿದ್ದ, ಒದೆಯಲು ಕಾಲೆತ್ತುತ್ತಿದ್ದ, ಮರುಗಳಿಗೆ ಅದರ ಧೂಳು ಒರೆಸುತ್ತಿದ್ದ. ಅದು ಪ್ರೀತಿಯೋ, ಬೇರೆ ದಾರಿ ಇಲ್ಲದ್ದೋ? ಒಮ್ಮೆಯೂ ಕೇಳಲೇ ಇಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಅಕ್ಕಾ, ಕೇಳಿ," ಅಸಿಯಮಾ ಸೋಲಲಿಲ್ಲ. "ಕಮ್ಮಿ ದುಡ್ಡಲ್ಲಿ ಎಡಿಟಿಂಗ್ ಅಂದ್ರೆ ಜೋಡಿಸಿದ್ದೇ ಸರಿ. ಬ್ರಾಂಡ್‌ನಲ್ಲಿ ಹೆಸರಿಗೇ ಅರ್ಧ ದುಡ್ಡು ಹೋಗುತ್ತೆ. ನಾನು ಒಳ್ಳೇ ಪ್ರೊಸೆಸರ್ ಹಾಕ್ತೀನಿ, ಗ್ರಾಫಿಕ್ಸ್ ಕಾರ್ಡು, ಬೇಕಾದಷ್ಟು ರ್‍ಯಾಮು..."

"ಉದ್ದ ಎಷ್ಟು, ಅಗಲ ಎಷ್ಟು, ಅದು ಹೇಳು."

"ಉದ್ದಾನಾ? ನೀವೇನು ಬೀರು ತಗೋತಿದೀರಾ? ಅವರನ್ನೇ ಕರ್ಕೊಂಡು ಬನ್ನಿ, ಬೇಗ ಮುಗಿಯುತ್ತೆ."

"ಅವನು ಬರೋ ಹಾಗಿಲ್ಲ."

"ಎಡಿಟರ್‌ಗಳೆಲ್ಲ ಹಾಗೇ ಬಿಡಿ, ಎಬ್ಬಿಸಿದ್ರೂ ಏಳಲ್ಲ!" ಅಸಿಯಮಾ ತಾನೇ ನಕ್ಕ. ಇಬ್ಬರೂ ನಗಲಿಲ್ಲ. ಅವನು ಗಂಟಲು ಸರಿಮಾಡಿಕೊಂಡ. "ಹೋಗ್ಲಿ, ಎಷ್ಟು ವರ್ಷ ಬಾಳಿಕೆ ಬರ್ಬೇಕು?"

"ಆ ಶನಿವಾರ ನೋಡಿದವ್ರು ಸೈ ಅಂದ್ರೆ ಸಾಕು."

ಅಸಿಯಮಾ ಹಣೆ ಒತ್ತಿಕೊಂಡ. ಆಗ ಕಪಾಟಿನ ಮೇಲಿದ್ದ ಕಪ್ಪು ಕ್ಯಾಬಿನೆಟ್ ಅಮೆರ್ಲೆಯ ಕಣ್ಣಿಗೆ ಬಿತ್ತು. ಒಳಗೆ ಏನೂ ಇಲ್ಲ, ಬರೀ ಹೊರಗವಚ. ಮುಂದೆ ದುಂಡನೆಯ ಸ್ವಿಚ್ಚು, ಹಿಂದೆ ಒಂದು ಫ್ಯಾನು. ಥೇಟ್ ಮನೆಯ ಮೂಲೆಯಲ್ಲಿರುವುದರ ಹಾಗೆ. ಇಳಿಸಿಕೊಂಡು ಪಕ್ಕದ ಬಾಗಿಲು ಎಳೆದಳು. ಅದು ಕಿರ್ರೆಂದು ತೆರೆದುಕೊಂಡಿತು. ಬೆಳಗಿನಿಂದ ಬಿಗಿಹಿಡಿದ ಕಣ್ಣೀರು ಅಲ್ಲಿ ತಡೆಯಲಿಲ್ಲ.

"ಇದು ಕೊಡು."

"ಖಾಲಿ ಡಬ್ಬ ಅಕ್ಕಾ ಅದು! ಬೋರ್ಡು, ಡಿಸ್ಕು ಏನೂ ಇಲ್ಲ. ಒಳಗೆ ಏನು ಹಾಕೋದು?"

"ಒಳಗಿಡೋದು ನಮ್ಮ ಹತ್ರಾನೇ ಇದೆ."

"ಹೆಸರಿಲ್ಲದ್ದೇ ತಗೊಂಡ್ಯಲ್ಲ," ಎಂದು ಡೆಡೆ ದಾರಿಯುದ್ದಕ್ಕೂ ಗೊಣಗಿದಳು. ಟ್ರೋಟ್ರೊ ವ್ಯಾನಿನ ನೂಕುನುಗ್ಗಲಲ್ಲಿ ಅಮೆರ್ಲೆ ಕ್ಯಾಬಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಕೊನೆಗೆ ತಡೆಯಲಾಗಲಿಲ್ಲ.

"ಹೆಸರು ಬೇಕು ಅಂದ್ಯಲ್ಲ? ಮುಂದ್ಗಡೆ ಲಾಂಟೆ ಅಂತಾನೇ ಬರೆಸ್ತೀನಿ. ಸಾಕಾ?"

ಡೆಡೆ ಅತ್ತಿಗೆಯ ಭುಜಕ್ಕೆ ತಲೆಯಾನಿಸಿ ಅತ್ತಳು.

ಟೆಶಿಯ ಸಮುದ್ರದ ದಾರಿಯಲ್ಲಿ ಬಡಗಿ ಕೋಟೆಯ್ ಅವರಿಗಾಗಿಯೇ ಕಾಯುತ್ತಿದ್ದ. ಕ್ಯಾಬಿನೆಟ್ಟನ್ನು ಬೆಂಚಿನ ಮೇಲಿಟ್ಟು ಸುತ್ತ ನೋಡಿ, ಟೇಪು ಎಳೆದ.

"ಮಾದರಿ ಚೆನ್ನಾಗಿದೆ. ಇದೇ ಅಚ್ಚು, ಏಳಡಿಗೆ ಹಿಗ್ಗಿಸ್ತೀನಿ. ಬಾಗಿಲು?"

"ಪಕ್ಕದಲ್ಲೇ ಇರ್ಲಿ. ಎಲ್ರೂ ನೋಡೋವರೆಗೂ ತೆರೆದೇ ಇರ್ಲಿ."

ಅವನ ಬೆನ್ನ ಹಿಂದೆ ಸಿದ್ಧವಾದ ಪೆಟ್ಟಿಗೆಗಳು, ಒಂದೊಂದೂ ಒಬ್ಬೊಬ್ಬರ ಕಸುಬಿನ ಆಕಾರದಲ್ಲಿ, ಸಾಲಾಗಿ ನಿಂತಿದ್ದವು. ಬೆಸ್ತನೊಬ್ಬನಿಗೆ ಕೆಂಪು ಮೀನು, ಚಾಲಕನೊಬ್ಬನಿಗೆ ಹಳದಿ ಬಸ್ಸು, ತರಕಾರಿ ಮಾರುತ್ತಿದ್ದ ಮುದುಕಿಗೆ ದೊಡ್ಡ ಈರುಳ್ಳಿ. ಎಲ್ಲದರ ಒಳಗೂ ಬಿಳಿ ಮೆತ್ತೆ ಹಾಸಿ, ಹೂಳಲು ಒಯ್ಯುವವರಿಗಾಗಿ ಎರಡೂ ಬದಿ ಹಿಡಿ ಜಡಿದಿತ್ತು.

ಕೋಟೆಯ್ ಕಿವಿಯ ಹಿಂದಿನ ಪೆನ್ಸಿಲ್ ತೆಗೆದ. "ತಲೆ ಯಾವ ಕಡೆ ಬರ್ಲಿ ತಾಯಿ, ಸ್ವಿಚ್ಚಿನ ಕಡೆಗಾ?"

"ಬೇಡ, ಫ್ಯಾನಿನ ಕಡೆಗೆ ಇಡು," ಎಂದಳು ಅಮೆರ್ಲೆ. "ಅವನಿಗೆ ಸೆಖೆ ಆಗಿಬರಲ್ಲ."