ಒಂದು ದಿನದ ಪ್ಯಾಕ್‌ಹೌಸ್

“ಎಡಗಡೆ ಒಂಚೂರು ಇಳಿದಿದೆ, ಭಾವ,” ಎಂದ ಷಡ್ಡಕ, ಕೆಳಗೆ ಏಣಿ ಹಿಡಿದುಕೊಂಡು.

ಭಾವ ಬೋರ್ಡನ್ನು ಎತ್ತಿ ಮೊಳೆ ಬಡಿದ. ಬೆಳಗಿನ ಏಳು ಗಂಟೆ. ಷಡ್ಡಕನ ಪ್ಯಾಕ್‌ಹೌಸಿನ ಬಾಗಿಲ ಮೇಲೆ ಈಗ ಭಾವನ ಹೆಸರು ಹೊಳೆಯುತ್ತಿತ್ತು. ತಪಾಸಣೆಯ ಅಧಿಕಾರಿ ಬರಲು ಇನ್ನು ಮೂರು ಗಂಟೆಯಿತ್ತು.

ಭಾವನನ್ನು ಊರಿನವರು ಎಕ್ಸ್‌ಪೋರ್ಟಣ್ಣ ಎನ್ನುತ್ತಿದ್ದರು. ಹತ್ತು ವರ್ಷಗಳಿಂದ ಅವನು ಮಾವಿನ ಹಣ್ಣನ್ನು ಹೊರದೇಶಕ್ಕೆ ಕಳಿಸುತ್ತಲೇ ಇದ್ದ, ಬಾಯಲ್ಲಿ. ನಿಜವಾದ ಹಣ್ಣು ಇದುವರೆಗೆ ಪೇಟೆಯ ಮಂಡಿ ದಾಟಿರಲಿಲ್ಲ. ದಾಟಬೇಕಾದರೆ ಹಣ್ಣು ಬೆಳೆದ ತೋಟಕ್ಕೂ, ಅದನ್ನು ತೊಳೆದು ಪೆಟ್ಟಿಗೆಗೆ ತುಂಬುವ ಪ್ಯಾಕ್‌ಹೌಸಿಗೂ ಇಲಾಖೆಯ ಮಾನ್ಯತೆ ಬೇಕು.

ತೋಟದ ಚಿಂತೆ ಇರಲಿಲ್ಲ. ಅದು ಹೆಂಡತಿಗೆ ತವರಿನಿಂದ ಬಂದದ್ದು, ಅವಳೇ ನೋಡಿಕೊಳ್ಳುತ್ತಿದ್ದಳು. ಯಾವ ಸಾಲಿಗೆ ಯಾವತ್ತು ಏನು ಸಿಂಪಡಿಸಿದೆ, ಬಲೆಗೆ ವಾರಕ್ಕೆಷ್ಟು ಹಣ್ಣುನೊಣ ಬಿದ್ದಿವೆ, ಎಲ್ಲ ಅವಳ ರಿಜಿಸ್ಟರಿನಲ್ಲಿತ್ತು. “ನಮ್ಮನೆಯವಳಿಗೆ ನೊಣ ಎಣಿಸೋ ಕೆಲಸ,” ಎಂದು ಅವನು ನೆಂಟರ ಮುಂದೆ ನಗುತ್ತಿದ್ದ.

ತೊಂದರೆ ಇದ್ದದ್ದು ಅವನ ಶೆಡ್ಡಿನಲ್ಲಿ. ಹೋದ ವರ್ಷ ಬಂದ ಅಧಿಕಾರಿ ಹದಿನಾಲ್ಕು ತಪ್ಪು ಬರೆದು ಹೋಗಿದ್ದರು. ಮಾಡಿನಲ್ಲಿ ಪಾರಿವಾಳ, ಚರಂಡಿಗೆ ಮುಚ್ಚಳವಿಲ್ಲ, ಕಿಟಕಿಗೆ ಜಾಲರಿಯಿಲ್ಲ, ಹಣ್ಣು ತೊಳೆಯುವ ತೊಟ್ಟಿಯಲ್ಲಿ ಅವನದೇ ಹಳೆಯ ಟೈರುಗಳು. “ಮೊದಲು ಜಾಲರಿ ಹಾಕಿಸೋಣ ರೀ,” ಎಂದು ಹೆಂಡತಿ ವರ್ಷವಿಡೀ ಹೇಳಿದಳು. ಅವನು ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿದ. ಚಿನ್ನದ ಬಣ್ಣದ ಅಕ್ಷರ, ಉಬ್ಬು ಅಚ್ಚು.

ಈ ವರ್ಷದ ಅರ್ಜಿಯನ್ನು ಹೆಂಡತಿಯೇ ತುಂಬಿದಳು. “ಒಂದ್ಸಲ ಓದಿಬಿಡಿ,” ಎಂದು ಮೂರು ಸಲ ಮುಂದೆ ಹಿಡಿದಳು. ಕಾಗದ ಓದುವುದು ಗುಮಾಸ್ತರ ಕೆಲಸ ಎಂದುಕೊಂಡು ಅವನು ಕಣ್ಣೂ ಹಾಯಿಸಲಿಲ್ಲ. ತಪಾಸಣೆಯ ತಾರೀಕು ಬಂದಾಗ ಮಾತ್ರ ಶೆಡ್ಡಿಗೆ ಓಡಿ ಮಾಡು ನೋಡಿದ. ಪಾರಿವಾಳಗಳು ಅಲ್ಲೇ ಇದ್ದವು, ಸಂಸಾರ ಬೆಳೆಸಿಕೊಂಡು.

ಆಗ ಅವನಿಗೆ ಮಹಾ ಉಪಾಯ ಹೊಳೆಯಿತು. ಹೆಂಡತಿಯ ತಂಗಿಯ ಗಂಡ, ಅಂದರೆ ಷಡ್ಡಕ, ಹೊಸ ಪ್ಯಾಕ್‌ಹೌಸ್ ಕಟ್ಟಿಸಿದ್ದ. ಅದನ್ನೇ ಒಂದು ದಿನದ ಮಟ್ಟಿಗೆ ತನ್ನದೆಂದು ತೋರಿಸಿದರಾಯಿತು. ಬರುವ ಅಧಿಕಾರಿ ಹೊಸಬರು. ಯಾವುದು ಯಾರದ್ದೆಂದು ಅವರಿಗೇನು ಗೊತ್ತು?

ಷಡ್ಡಕ ಒಂದೇ ಮಾತಿಗೆ ಒಪ್ಪಿದ. “ಅದಕ್ಕೇನು ಭಾವ, ಅವತ್ತು ನಾವೂ ಅಲ್ಲೇ ಇರ್ತೀವಲ್ಲ.”

ಪೆದ್ದ, ಎಂದುಕೊಂಡ ಎಕ್ಸ್‌ಪೋರ್ಟಣ್ಣ.

“ಆ ಮನುಷ್ಯ ದಾರಿ ತಪ್ಪಿ ನಮ್ಮ ಶೆಡ್ಡಿಗೆ ಹೋದರೆ?” ಎಂದು ಹೆಂಡತಿಯನ್ನು ಕೇಳಿದ.

“ಹೋಗಲ್ಲ. ನೇರ ಅಲ್ಲಿಗೇ ಬರ್ತಾರೆ. ಅದು ನಂಗೆ ಬಿಡಿ.”

ಅಧಿಕಾರಿ ಹತ್ತಕ್ಕೆ ಬಂದರು. ಬೋರ್ಡು ನೋಡಿದರು. ಕೈಯಲ್ಲಿದ್ದ ಕಾಗದ ನೋಡಿದರು. ಮತ್ತೆ ಬೋರ್ಡು ನೋಡಿದರು.

“ಇದೇನಿದು?”

ಎಕ್ಸ್‌ಪೋರ್ಟಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಹೆಂಡತಿ ಮುಂದೆ ಬಂದಳು. “ತಪ್ಪಾಗಿ ಹಾಕಿದಾರೆ ಸರ್. ನಾಳೆ ತೆಗೆಸ್ತೀವಿ.”

ಇಷ್ಟು ವರ್ಷ ಸಂಸಾರ ಮಾಡಿದರೂ ಇವಳು ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲಳೆಂದು ಅವನಿಗೆ ಗೊತ್ತಿರಲಿಲ್ಲ. ಹೆಮ್ಮೆಯೇ ಆಯಿತು.

ಮುಂದಿನದೆಲ್ಲ ಅವಳದೇ. ತೊಟ್ಟಿಯ ನೀರು ಯಾವಾಗ ಬದಲಿಸುತ್ತೀರಿ, ಎರಡನೇ ಬಾಗಿಲು ಏಕೆ, ತಂಪುಕೋಣೆಯ ಕೀಲಿ ಯಾರ ಹತ್ತಿರ? ಅಧಿಕಾರಿ ಕೇಳಿ ಮುಗಿಸುವಷ್ಟರಲ್ಲಿ ಉತ್ತರ ಬರುತ್ತಿತ್ತು. ಇದನ್ನೆಲ್ಲ ಇವಳು ಯಾವಾಗ ಬಾಯಿಪಾಠ ಮಾಡಿದಳೋ! ಅಧಿಕಾರಿ ಒಂದು ಪೆಟ್ಟಿಗೆ ಎತ್ತಿ ನಂಬರು ಓದಿದರು. ಅವಳು ರಿಜಿಸ್ಟರ್ ತೆರೆದು ಬೆರಳಿಟ್ಟಳು: ಆರನೇ ಸಾಲು, ಮಂಗಳವಾರ ಬೆಳಿಗ್ಗೆ ಕೊಯ್ದದ್ದು.

“ನೊಣ?”

“ಹೋದ ವಾರ ಏಳು ಬಿದ್ದಿವೆ ಸರ್. ಅದರ ಹಿಂದಿನ ವಾರ ಹನ್ನೊಂದು.”

ಎಕ್ಸ್‌ಪೋರ್ಟಣ್ಣನಿಗೆ ತಡೆಯಲಾಗಲಿಲ್ಲ. “ಒಂದೂ ಇಲ್ಲ ಸರ್! ನಮ್ಮ ತೋಟದಲ್ಲಿ ನೊಣ ಅನ್ನೋದೇ ಇಲ್ಲ!”

ಅಧಿಕಾರಿ ಮೊದಲ ಸಲ ಅವನ ಕಡೆ ತಿರುಗಿದರು. “ಇವರು?”

“ನಮ್ಮ ಯಜಮಾನ್ರು,” ಎಂದಳು ಹೆಂಡತಿ.

ಯಜಮಾನ ಉಬ್ಬಿಹೋದ. ತಕ್ಷಣ ಜೇಬಿನಿಂದ ಕಾರ್ಡ್ ತೆಗೆದು ಕೊಟ್ಟ. ಅಧಿಕಾರಿ ಅದನ್ನು ರಿಜಿಸ್ಟರಿನ ಪುಟಕ್ಕೆ ಗುರುತಾಗಿ ಇಟ್ಟು ಮುಂದೆ ನಡೆದರು. ಅಲ್ಲಿಂದ ಮೇಲೆ ಅವನು ಅವರ ಹಿಂದೆಯೇ ಸುತ್ತಿದ. ಹಣ್ಣು ಮುಟ್ಟಿದ, ತಕ್ಕಡಿ ತಟ್ಟಿದ, ಕೆಲಸದವರಿಗೆ ಸುಮ್ಮಸುಮ್ಮನೆ ಗದರಿದ. ಮಾಲೀಕನೆಂದ ಮೇಲೆ ಅಷ್ಟೂ ಇಲ್ಲದಿದ್ದರೆ ಹೇಗೆ?

ಎರಡು ವಾರದ ನಂತರ ಇಲಾಖೆಯ ಲಕೋಟೆ ಷಡ್ಡಕನ ಮನೆಗೆ ಬಂತು. ಅಲ್ಲಿಗೇ ಬರುವುದು ಸಹಜ ಎಂದು ಎಕ್ಸ್‌ಪೋರ್ಟಣ್ಣ ಓಡಿಹೋದ. ಹೆಂಡತಿ, ನಾದಿನಿ, ಷಡ್ಡಕ ಮೂವರೂ ಮೇಜಿನ ಸುತ್ತ ಕೂತಿದ್ದರು. ಅವನು ಕಾಗದ ಕಸಿದುಕೊಂಡು ಜೋರಾಗಿ ಓದತೊಡಗಿದ.

ಮಾನ್ಯತೆ ಪಡೆದ ತೋಟ: ಹೆಂಡತಿಯ ಹೆಸರು. ಸರಿ.

ಮಾನ್ಯತೆ ಪಡೆದ ಪ್ಯಾಕ್‌ಹೌಸ್: ಷಡ್ಡಕನ ಹೆಸರು.

ಗುಣಮಟ್ಟದ ಹೊಣೆ: ಮತ್ತೆ ಹೆಂಡತಿಯ ಹೆಸರು.

“ಎಡವಟ್ಟು ಮಾಡಿದಾರೆ!” ಎಂದು ಕೂಗಿದ. “ಹೆಸರು ಅದಲುಬದಲಾಗಿದೆ! ಆ ಮನುಷ್ಯನಿಗೆ ಕಣ್ಣಿಲ್ವಾ?”

“ಯಾವುದೂ ಅದಲುಬದಲಾಗಿಲ್ಲ ರೀ,” ಎಂದಳು ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ನಾನು ಅರ್ಜಿ ಹಾಕಿದ್ದೇ ಹಾಗೆ. ಅವರು ನೋಡೋಕೆ ಬಂದಿದ್ದೂ ಈ ಪ್ಯಾಕ್‌ಹೌಸನ್ನೇ. ನಿಮಗೆ ಬುದ್ಧಿ ಬರೋವರೆಗೂ ಹಣ್ಣು ಕಾಯಲ್ಲ.”

ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಷಡ್ಡಕ ಕಿಟಕಿಯಾಚೆ ನೋಡಿದ. ಎಕ್ಸ್‌ಪೋರ್ಟಣ್ಣ ಏನಾದರೂ ಕೊಂಕು ಸಿಕ್ಕೀತೇ ಎಂದು ಹಾಳೆ ತಿರುವಿದ. ಸಿಕ್ಕಿತು. ಕೊನೆಯ ಪುಟ: ‘ಕಂಡುಬಂದ ದೋಷ, ಒಂದು.’ ಅವನ ಮುಖ ಅರಳಿತು. “ನೋಡಿ, ನೋಡಿ! ನಾನಿಲ್ಲದೆ ಇದೇ ಗತಿ!” ಎಂದು ಎಲ್ಲರಿಗೂ ಕೇಳುವಂತೆ ಓದಿದ:

“ಘಟಕಕ್ಕೆ ಸಂಬಂಧವಿಲ್ಲದ ವ್ಯಕ್ತಿಯೊಬ್ಬರು ಹಣ್ಣು ಮುಟ್ಟುತ್ತಾ ಒಳಗೆಲ್ಲ ಓಡಾಡುತ್ತಿದ್ದರು. ಇನ್ನು ಮುಂದೆ ಅವರನ್ನು ಒಳಗೆ ಬಿಡತಕ್ಕದ್ದಲ್ಲ.”