ಮುಂದಿನ ಟಿಕ್

ನಲವತ್ತು ವರ್ಷಗಳ ಹಿಂದೆ, ಹೆಂಗಸಿನ ಕೈಗೆ ಬೆಸುಗೆ ಒಗ್ಗದೆಂದು ಇಡೀ ಕಾಲೇಜು ನಕ್ಕಿದ್ದಾಗ, ಅನಸೂಯಮ್ಮನವರು ಬೆರಳು ಸುಟ್ಟುಕೊಂಡು ಕಟ್ಟಿದ್ದ ವಿಕಿರಣ ಪತ್ತೆಹಚ್ಚುವ ಪೆಟ್ಟಿಗೆ ಇಂದು ಜೆ.ಪಿ. ನಗರದ ಅವರ ಊಟದ ಮೇಜಿನ ಮೇಲೆ ಮತ್ತೆ ಸದ್ದು ಮಾಡಿತು. ಪಕ್ಕದಲ್ಲಿ ಹಳೆಯ ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್, ಉರಿದು ಬೆಳಗುವ ಬಲೆಚೀಲ. ಅದರಲ್ಲಿದ್ದ ವಿಕಿರಣಶೀಲ ಥೋರಿಯಂನ ಪರಮಾಣುವೊಂದು ಒಡೆದರೆ ಪೆಟ್ಟಿಗೆ ‘ಟಿಕ್’ ಎನ್ನುತ್ತಿತ್ತು.

“ಮಗಳ ಹಣೆಬರದಾಗ ವಿದ್ಯಾ ಇಲ್ಲಂತ ಜ್ಯೋತಿಷಿ ಹೇಳ್ಯಾರ್ರಿ ಮೇಡಂ,” ಎಂದರು ಮಹಡಿ ಮನೆಯ ಬಾಡಿಗೆದಾರ ಭೀಮಪ್ಪ, ಮೇಜಿನೆದುರು ಕೂತಿದ್ದ ಮಗಳು ಶೈಲಶ್ರೀಯತ್ತ ಕೈ ತೋರಿಸಿ. “ಇಕಿ ಫಿಜಿಕ್ಸ್ ಓದೂದು ಬ್ಯಾಡ. ಎಲ್ಲಾ ಮೊದಲ ಬರ್ದಿರ್ತೈತಿ, ನಮಗ ಗೊತ್ತಿರೂದಿಲ್ಲ ಅಷ್ಟ.”

“ಹಾಗೇ ವಾದಿಸೋ ದೊಡ್ಡ ವಿಜ್ಞಾನಿಗಳೂ ಇದಾರೆ. ನಾನು ಒಪ್ಪಲ್ಲ! ಮುಂದಿನ ಟಿಕ್ ಯಾವಾಗ ಅನ್ನೋದು ನಮಗೆ ಗೊತ್ತಿಲ್ಲ ಅಂತಲ್ಲ, ಅದಿನ್ನೂ ತೀರ್ಮಾನವೇ ಆಗಿಲ್ಲ. ಬರೆದಿದ್ರೆ ನಿಮ್ಮ ಜ್ಯೋತಿಷಿಗೆ ಫೋನ್ ಮಾಡಿ ಕೇಳಿ, ಭೀಮಪ್ಪ.”

ಭೀಮಪ್ಪ ತಾವೇ ಬೆರಳೆತ್ತಿ “ಈಗ!” ಎಂದರು. ಪೆಟ್ಟಿಗೆ ಸುಮ್ಮನಿತ್ತು. ಬೆರಳು ಇಳಿಸುವಷ್ಟರಲ್ಲಿ ಟಿಕ್ ಟಿಕ್ ಎಂದಿತು. “ಈಗ ನೋಡ್ರಿ” ಎಂದರು, ಮತ್ತೆ ತಪ್ಪಿತು. ಅನಸೂಯಮ್ಮನವರು ನಗದೆ ಪೆಟ್ಟಿಗೆಯ ಸ್ವಿಚ್ಚು ಆರಿಸಿದರು.

“ಸಾಕು, ಏಳು” ಎಂದ ಅಪ್ಪನತ್ತ ಶೈಲಶ್ರೀ ತಿರುಗಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, “ಇನ್ನೊಮ್ಮೆ ಕೇಳಸ್ರಿ ಮೇಡಂ” ಎಂದಳು.