ಹಂಸದ ಕೊರಳು

ಮೇಜಿನ ಮೇಲಿದ್ದ ಗಾಜಿನ ಬಟ್ಟಲು ತನ್ನಷ್ಟಕ್ಕೆ ಟಿಣ್ ಎಂದಿತು. ಯಾರೂ ಮುಟ್ಟಿರಲಿಲ್ಲ. ಕೂದಲೆಳೆಯಂಥ ಸೀಳೊಂದು ಅಂಚಿನಿಂದ ಬುಡದವರೆಗೆ ಓಡಿತು.

ಗಾಜುಗಾರರ ಸಂಘದ ಹಿರಿಯ ವೆತ್ತೋರ್ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟ. ಓರ್ಸೋಲಾಳ ಗಂಡ ಬೋರ್ತೊಲೊ ಸತ್ತು ಅಂದಿಗೆ ವರ್ಷ. ಅದಕ್ಕೆಂದೇ ಅವಳ ಮನೆಗೆ ಊಟಕ್ಕೆ ಬಂದಿದ್ದ. ಗಂಡ ಮಾಡಿಟ್ಟು ಹೋದವು ಎಂದು ಹೇಳಿಯೇ ಅವಳು ಈ ಬಟ್ಟಲುಗಳನ್ನು ಮಾರುತ್ತಿದ್ದಳು. ಮುರಾನೊ ದ್ವೀಪದಲ್ಲಿ ಹೆಂಗಸು ಮಣಿ ಪೋಣಿಸಬಹುದು, ಕುಲುಮೆಯ ಮುಂದೆ ನಿಂತು ಗಾಜು ಊದುವಂತಿಲ್ಲ. ಸರಿಯಾಗಿ ಆರದ ಗಾಜು ಒಂದೆರಡು ದಿನದಲ್ಲೇ ಹೀಗೆ ಸೀಳುತ್ತದೆ. ವರ್ಷ ತಾಳಿದ್ದು ಸೀಳುವುದಿಲ್ಲ. ಅಲ್ಲಿನ ಮಕ್ಕಳಿಗೂ ಅದು ಗೊತ್ತು.

"ಮೊನ್ನೆ ಬೆಕ್ಕು ಉರುಳಿಸಿತ್ತೇನೋ," ಎಂದ ವೆತ್ತೋರ್, ಅವಳ ಮುಖ ನೋಡದೆ.

"ಹೂಂ ಅಣ್ಣ. ಬೆಕ್ಕೇ."

ಮನೆಯಲ್ಲಿ ಬೆಕ್ಕಿರಲಿಲ್ಲ. ಅದು ಮುದುಕನಿಗೂ ಗೊತ್ತಿತ್ತು. ಅವಳು ಇನ್ನು ಸುಮ್ಮನಿದ್ದುಬಿಟ್ಟರೆ ಸಾಕು, ಅವನು ಎದ್ದು ಹೋಗುತ್ತಾನೆ, ಕುಲುಮೆ ಉಳಿಯುತ್ತದೆ.

ಅವನು ಎದ್ದ. ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಡಿಯಾಗಿ ಬಾಗಿದ ಹಂಸದ ಮೇಲೆ ಹೆಬ್ಬೆರಳಾಡಿಸಿದ. "ಪಾಪ, ಬೋರ್ತೊಲೊಗೆ ಕೊನೆಕೊನೆಗೆ ಕೈ ಸೋತಿತ್ತು ಅನ್ಸುತ್ತೆ. ಈ ಕೊರಳು ನೋಡು, ಎಷ್ಟು ದಪ್ಪ. ಹಂಸದ್ದಲ್ಲ ಇದು, ಮಠದ ಅಡುಗೆಯವನದ್ದು."

ಕೊಂಡವರೆಲ್ಲ ಚೆನ್ನಾಗಿದೆ ಎಂದು ಹೇಳಿ ಹೋಗಿದ್ದರು. ಹೀಗೆ ಬೆರಳಿಟ್ಟು ತಪ್ಪು ತೋರಿಸಿದವರು ಇಡೀ ವರ್ಷದಲ್ಲಿ ಒಬ್ಬರೂ ಇರಲಿಲ್ಲ. ಓರ್ಸೋಲಾ ತುಟಿ ಕಚ್ಚಿಕೊಂಡಳು. ಆದರೂ ಮಾತು ಹೊರಬಿತ್ತು.

"ಅದಕ್ಕಿಂತ ತೆಳ್ಳಗೆ ಎಳೆದ್ರೆ, ತಲೆ ಮಾಡೋದ್ರೊಳಗೆ ಜೋತುಬೀಳುತ್ತೆ ಅಣ್ಣ. ಎಷ್ಟು ಹಾಳಾದ್ವು ಗೊತ್ತಾ ನಂಗೆ."

ವೆತ್ತೋರ್ ಮೆಲ್ಲಗೆ ಮತ್ತೆ ಕೂತ.

"ಊದುಗೊಳವೆ ತಿರುಗಿಸೋಕೆ ಯಾರಿದ್ರು?"

"ಯಾರೂ ಇಲ್ಲ. ತೊಡೆ ಮೇಲೆ ಇಟ್ಕೊಂಡು ಎಡಗೈಲಿ ತಿರುಗಿಸ್ತೀನಿ."

"ತಲೆ ಮೊದಲು ಚಿವುಟಿಕೋಬೇಕು, ಹುಚ್ಚಿ. ಕೊರಳು ಎಳೆಯೋದು ಆಮೇಲೆ."

ಇಗರ್ಜಿಯ ಸಂಜೆಗಂಟೆ ಹೊಡೆಯುವವರೆಗೂ ಇಬ್ಬರೂ ಗಾಜಿನ ಮಾತನ್ನೇ ಆಡಿದರು. ಒಮ್ಮೆ ಅವಳು ನಕ್ಕಳು ಕೂಡ. ತನ್ನ ನಗು ಅವಳಿಗೇ ಯಾರದೋ ಎನಿಸಿತು.

ಗಂಟೆ ನಿಂತ ಮೇಲೆ ಮುದುಕ ಎದ್ದ. "ನೀನು ಹೇಳದೇ ಇದ್ದಿದ್ರೆ ಬೆಕ್ಕೇ ಅಂದ್ಕೋತಿದ್ದೆ, ತಾಯಿ. ಈಗ ಕಿವಿಯಾರೆ ಕೇಳಿಬಿಟ್ಟೆ. ಸಂಘದ ಕಟ್ಟಳೆ ಕಾಯ್ತೀನಿ ಅಂತ ಬೈಬಲ್ ಮುಟ್ಟಿ ಆಣೆ ಮಾಡಿದೋನು ನಾನು. ನಾಳೆ ಸಂಘದವರು ಬಂದು ಬೆಂಕಿ ಆರಿಸ್ತಾರೆ." ಗೋಡೆಗೆ ಒರಗಿಸಿದ್ದ ಕಬ್ಬಿಣದ ಊದುಗೊಳವೆಯನ್ನು ಹೆಗಲಿಗೇರಿಸಿದ. ಉದ್ದ ಕೊಳವೆ, ಚೌಕಟ್ಟಿಗೆ ತಗಲೀತೆಂದು ಓರ್ಸೋಲಾ ತಾನೇ ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು.

ಹೊಸ್ತಿಲಾಚೆ ಅವನು ತಿರುಗಿ ನಿಂತ. "ಗಾಜು ಆರಿಸೋ ಗೂಡಿಂದ ಬೇಗ ತೆಗೆದುಬಿಟ್ಟೆ ನೀನು, ಅದಕ್ಕೇ ಸೀಳ್ತು. ಮುಂದಿನ ಸಲ ಇನ್ನೊಂದು ರಾತ್ರಿ ಒಳಗೇ ಆರೋಕೆ ಬಿಡು," ಎಂದ.

ಎಂದವನ ಕಣ್ಣು ತನ್ನ ಹೆಗಲ ಮೇಲಿದ್ದ ಕೊಳವೆಯ ಮೇಲೆ ಬಿತ್ತು.